ಮಿಲಿಟರಿ ಮುಗಿಸಿ ಎಂಬಿಎ ಅರ್ಜಿ: ಹಾಸನ, ಚಿಕ್ಕಮಗಳೂರು ಕಡೆಯವರು ಯಾರಾದ್ರೂ ಹಾಕಿದ್ದೀರಾ?

ಬಿಸಿಲೆ ಘಾಟ್

ಎಲ್ಲರಿಗೂ ನಮಸ್ಕಾರ. ನನ್ನದು ಸಕಲೇಶಪುರದ ಹತ್ತಿರ ಒಂದು ಹಳ್ಳಿ. ಸೇನೆಗೆ ರೇಷನ್, ಇಂಧನ ಪೂರೈಸುವ ಆರ್ಮಿ ಸರ್ವಿಸ್ ಕೋರ್‌ನಲ್ಲಿ 17 ವರ್ಷ ಇದ್ದು, ಹವಾಲ್ದಾರ್ ಆಗಿ ಪೆನ್ಷನ್ ಬಂದೆ. ಒಂದು ವರ್ಷ ಆಯ್ತು. ಈಗ ಹಾಸನದಲ್ಲಿ ಒಂದು ಗೋದಾಮಿನ ಸೂಪರ್‌ವೈಸರ್. ಪಿಯುಸಿ ಮುಗಿಸಿ ಭರ್ತಿಯಾದವನು. ಸರ್ವಿಸ್‌ನಲ್ಲಿದ್ದಾಗಲೇ ದೂರಶಿಕ್ಷಣದಲ್ಲಿ ಬಿಎ ಮಾಡಿದೆ. ಡಿಗ್ರಿ ಕೈಗೆ ಬಂದಿದ್ದು ಪೆನ್ಷನ್‌ಗೆ ಎರಡು ವರ್ಷ ಮುಂಚೆ. ಶೇ 58 ಬಂದಿದೆ.

ಈಗ ಎಂಬಿಎ ಮಾಡೋಣ ಅಂತಿದ್ದೇನೆ. ವಯಸ್ಸು 36. ಹೆಂಡತಿ ಒಪ್ಪಿದ್ದಾಳೆ. ಅಪ್ಪ "ಮಗನ ಜೊತೆ ನೀನೂ ಸ್ಕೂಲಿಗೆ ಹೋಗ್ತೀಯೇನೋ" ಅಂತ ನಗ್ತಾರೆ.

ಗೂಗಲ್ ಮಾಡಿದರೆ ಬರೋದೆಲ್ಲ ಅಮೆರಿಕದ ಮಾಜಿ ಸೈನಿಕರ ವಿಷಯ. ಜಿಐ ಬಿಲ್ ಅಂತೆ, ಯೆಲ್ಲೋ ರಿಬ್ಬನ್ ಅಂತೆ. ನಮಗೆ ಏನಿದೆ? ಕೇಂದ್ರದ ಮ್ಯಾನೇಜ್‌ಮೆಂಟ್ ಸಂಸ್ಥೆಗಳಾದ ಐಐಎಂಗಳಲ್ಲಿ ಮಾಜಿ ಸೈನಿಕರ ಕೋಟಾ ಇದೆಯಾ? 15 ವರ್ಷ ಸರ್ವಿಸ್ ಮಾಡಿದವರಿಗೆ ಪದವಿಗೆ ಸಮಾನ ಅಂತ ಕೊಡುವ ಸರ್ಟಿಫಿಕೇಟೂ ಇದೆ. ಅದನ್ನೂ ಲಗತ್ತಿಸಬೇಕಾ? ಇದೆಲ್ಲಕ್ಕಿಂತ ದೊಡ್ಡ ತಲೆನೋವು, ನಾನು ಮಾಡಿದ ಕೆಲಸವನ್ನು ಅರ್ಜಿಯಲ್ಲಿ ಹೇಗೆ ಬರೆಯೋದು ಅನ್ನೋದು.

ಅರಸೀಕೆರೆ ತೆಂಗು

ನಾನೂ ಮಾಜಿ. ನಾಯಕ್ ಆಗಿ ಬಂದೆ, ಈಗ ಬ್ಯಾಂಕಿನಲ್ಲಿ ಕ್ಲರ್ಕ್. ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. 36ಕ್ಕೆ ಎಂಬಿಎ ಯಾಕೆ ಸ್ವಾಮಿ? ಸರ್ಕಾರಿ ಬ್ಯಾಂಕುಗಳ ಕ್ಲರ್ಕ್ ಹುದ್ದೆಯಲ್ಲಿ ನಮಗೆ ಶೇ 14.5 ಮೀಸಲು ಇದೆ. ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಶೇ 10 ಇದೆ. ನಿಮ್ಮ ಆ ಸಮಾನ ಪದವಿ ಸರ್ಟಿಫಿಕೇಟ್ ಅಲ್ಲಿ ಕೆಲಸಕ್ಕೆ ಬರುತ್ತೆ. ಪೆನ್ಷನ್ ಒಂದು ಕಡೆ, ಸಂಬಳ ಇನ್ನೊಂದು ಕಡೆ. ಸಂಜೆ ಮನೆಗೆ ಬಂದು ತೋಟ ನೋಡ್ಕೋಬಹುದು. ಓದಲಿಕ್ಕೆ ಸಾಲ ಮಾಡಿ, 24 ವರ್ಷದ ಹುಡುಗರ ಪಕ್ಕ ಕೂತು, ಆಮೇಲೆ ಅವರ ಜೊತೆಗೇ ಕೆಲಸಕ್ಕೆ ಪೈಪೋಟಿ. ಯೋಚನೆ ಮಾಡಿ.

ಆಲಿವ್ ಗ್ರೀನ್

ತೆಂಗು ಅವರ ಮಾತು ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಆದರೆ ಬಿಸಿಲೆಯವರು ಕೇಳಿದ್ದು ಎಂಬಿಎ ಬಗ್ಗೆ, ಹಾಗಾಗಿ ಅದಕ್ಕೇ ಉತ್ತರ ಕೊಡ್ತೀನಿ. ನನ್ನ ಪರಿಚಯ: ಊರು ಚಿಕ್ಕಮಗಳೂರು, ಶಾರ್ಟ್ ಸರ್ವಿಸ್ ಕಮಿಷನ್‌ನಲ್ಲಿ (ಸೀಮಿತ ಅವಧಿಯ ಅಧಿಕಾರಿಯಾಗಿ) 10 ವರ್ಷ, ಮೇಜರ್ ಆಗಿ ಹೊರಗೆ ಬಂದು ಒಂದು ವರ್ಷದ ಎಂಬಿಎ ಮಾಡಿದೆ. ಈಗ ಬೆಂಗಳೂರಿನಲ್ಲಿದ್ದೇನೆ.

ಮೊದಲು ಕೋಟಾ. ಐಐಎಂ ಪ್ರವೇಶದಲ್ಲಿ ಮಾಜಿ ಸೈನಿಕರಿಗೆ ಮೀಸಲಾತಿ ಇಲ್ಲ. ಎಸ್‌ಸಿ, ಎಸ್‌ಟಿ, ಒಬಿಸಿ, ಇಡಬ್ಲ್ಯುಎಸ್, ಅಂಗವಿಕಲರು, ಅಷ್ಟೇ. ನಮ್ಮ ಸಿಇಟಿಯಲ್ಲಿ ಸೈನಿಕ ಕೋಟಾ ಅಂತ ಎಲ್ಲರೂ ಹೇಳ್ತಾರಲ್ಲ, ಅದು ಸೈನಿಕರ ಮಕ್ಕಳಿಗೆ. ಪ್ರಧಾನಮಂತ್ರಿ ವಿದ್ಯಾರ್ಥಿವೇತನವೂ ಹಾಗೇ. ಮಕ್ಕಳಿಗೆ, ಸೈನಿಕರ ವಿಧವೆಯರಿಗೆ. ನಿಮಗಲ್ಲ.

ಎರಡನೆಯದು ಆ ಸಮಾನ ಪದವಿ ಸರ್ಟಿಫಿಕೇಟ್. ಇದರಲ್ಲಿ ತುಂಬಾ ಜನ ಎಡವುತ್ತಾರೆ. ಎಸ್ಸೆಸ್ಸೆಲ್ಸಿ ಆಗಿ 15 ವರ್ಷ ಸರ್ವಿಸ್ ಮಾಡಿದವರನ್ನು ಗ್ರೂಪ್ ಸಿ ಹುದ್ದೆಗಳ ಮಟ್ಟಿಗೆ ಪದವೀಧರರಂತೆ ನೋಡಬಹುದು ಅನ್ನೋದು ಕೆಲಸದ ನಿಯಮ, ಓದಿನ ನಿಯಮ ಅಲ್ಲ. ಐಐಎಂ ಪ್ರವೇಶ ಪರೀಕ್ಷೆ ಕ್ಯಾಟ್ ಬರೆಯೋಕೆ ನಿಜವಾದ ಡಿಗ್ರಿ ಬೇಕು, ಅದರಲ್ಲಿ ಶೇ 50 ಇರಬೇಕು. ಎಸ್‌ಸಿ, ಎಸ್‌ಟಿ, ಅಂಗವಿಕಲರಿಗೆ ಶೇ 45. ನಿಮ್ಮ ಬಿಎ ಇದೆಯಲ್ಲ, ಅದೇ ಸಾಕು. ಆದರೆ ದೂರಶಿಕ್ಷಣ ಅಂದ್ರಿ. ನೀವು ಸೇರಿದ ವರ್ಷ ಆ ಕೋರ್ಸಿಗೆ ಯುಜಿಸಿ ದೂರಶಿಕ್ಷಣ ಮಂಡಳಿಯ ಮಾನ್ಯತೆ ಇತ್ತಾ ಅಂತ ಮೊದಲು ನೋಡಿ. ಇವತ್ತು ಇದ್ದರೆ ಸಾಲದು, ಆ ವರ್ಷ ಇರಬೇಕು.

ಮೂರನೆಯದು ಯಾರೂ ಹೇಳದೆ ಬಿಟ್ಟುಬಿಡುವ ವಿಷಯ. ಐಐಎಂಗಳ ಒಂದು ವರ್ಷದ ಕೋರ್ಸುಗಳು, ಅಂದ್ರೆ ಅಹಮದಾಬಾದಿನ ಪಿಜಿಪಿಎಕ್ಸ್, ಬೆಂಗಳೂರಿನ ಇಪಿಜಿಪಿ ಥರದವು, ಅನುಭವ ಕೇಳುತ್ತವೆ. ಒಂದು ಕಡೆ 4 ವರ್ಷ, ಇನ್ನೊಂದು ಕಡೆ 5. ಎಣಿಸೋದು ಡಿಗ್ರಿ ಆದ ಮೇಲಿನ ಅನುಭವ ಮಾತ್ರ. ನಿಮಗೆ 17 ವರ್ಷ ಸರ್ವಿಸ್ ಇದ್ದರೂ ಅವರ ಲೆಕ್ಕದಲ್ಲಿ ಎರಡು ವರ್ಷ ಸೇನೆ, ಒಂದು ವರ್ಷ ಗೋದಾಮು. ಮೂರೇ. ಅನ್ಯಾಯ ಅನ್ನಿಸುತ್ತೆ, ನನಗೂ ಅನ್ನಿಸುತ್ತೆ. ಆದ್ರೆ ಆನ್‌ಲೈನ್ ಫಾರ್ಮ್‌ಗೆ ಅದೆಲ್ಲ ಗೊತ್ತಾಗಲ್ಲ. ಹೈದರಾಬಾದಿನ ಖಾಸಗಿ ಬಿಸಿನೆಸ್ ಸ್ಕೂಲ್ ಐಎಸ್‌ಬಿ 2 ವರ್ಷ ಕೇಳುತ್ತೆ, ಅಲ್ಲಿ ನೀವು ಅರ್ಹರು. ಕ್ಯಾಟ್ ಮೂಲಕ ಹೋಗುವ ಎರಡು ವರ್ಷದ ಕೋರ್ಸಿಗೆ ಅನುಭವದ ಷರತ್ತೂ ಇಲ್ಲ, ವಯಸ್ಸಿನ ಮಿತಿಯೂ ಇಲ್ಲ.

ಬಿಸಿಲೆ ಘಾಟ್

ಸರ್, ಮೂರನೆಯದು ಓದಿ ತಲೆ ಮೇಲೆ ಕೈ ಇಟ್ಕೊಂಡು ಕೂತೆ. 17 ವರ್ಷ ಅಂತ ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದೆ.

ಅಗ್ನಿವೀರ ಕಡೂರು

ಸರ್, ನಾನು 2023ರ ಮೊದಲ ತಿಂಗಳಲ್ಲಿ ಟ್ರೈನಿಂಗ್ ಸೇರಿದ ಅಗ್ನಿವೀರ. ನಾಲ್ಕು ವರ್ಷ ಮುಗಿದ ಮೇಲೆ ಖಾಯಂ ಆಗೋದು ಹೆಚ್ಚೆಂದರೆ ಶೇ 25 ಜನ. ಉಳಿದರೆ ಪುಣ್ಯ, ಇಲ್ಲಾಂದ್ರೆ ನನಗೂ ಇದೇ ಪ್ರಶ್ನೆ. ನನಗೆ ಪಿಯುಸಿ ಮಾತ್ರ ಆಗಿದೆ. ಎಂಬಿಎ ಬಹಳ ದೂರ ಅಲ್ವಾ?

ಆಲಿವ್ ಗ್ರೀನ್

ದೂರ ಏನಿಲ್ಲ, ನಡುವೆ ಡಿಗ್ರಿ ಅನ್ನೋ ಒಂದು ಮೆಟ್ಟಿಲು ಇದೆ. ಇಗ್ನೋದಲ್ಲಿ ಅಗ್ನಿವೀರರಿಗೆ ಅಂತಲೇ ಮೂರು ವರ್ಷದ ಪದವಿ ಇದೆ, 2022ರಲ್ಲಿ ಘೋಷಣೆ ಆಗಿದ್ದು. ಅರ್ಧದಷ್ಟು ಕ್ರೆಡಿಟ್ ನೀವು ಸೇನೆಯಲ್ಲಿ ಕಲಿತ ಕೌಶಲಕ್ಕೆ ಸಿಗುತ್ತೆ, ಉಳಿದರ್ಧ ಓದಿ ಬರೆಯಬೇಕು. ಇನ್ನೂ ಸೇರಿಲ್ಲ ಅಂದ್ರೆ ಯೂನಿಟ್‌ನ ಎಜುಕೇಶನ್ ಹವಾಲ್ದಾರ್ ಹತ್ತಿರ ಇವತ್ತೇ ಕೇಳು.

ಸೇವಾ ನಿಧಿ ಅಂತ ಕೊನೆಯಲ್ಲಿ ಸುಮಾರು 11.71 ಲಕ್ಷ ಬರುತ್ತೆ. ತೆರಿಗೆ ಇಲ್ಲ. ಆದರೆ ಪೆನ್ಷನ್ ಇಲ್ಲ, ಗ್ರಾಚ್ಯುಟಿ ಇಲ್ಲ. ಊರಿಗೆ ಬಂದ ತಕ್ಷಣ ಬುಲೆಟ್ ಬೈಕು, ಮನೆಗೆ ಹೊಸ ಶೀಟು, ಅಕ್ಕನ ಮದುವೆ ಅಂತ ಆ ದುಡ್ಡಿಗೆ ನೂರು ದಾರಿ ಹುಟ್ಟಿಕೊಳ್ತವೆ. ಓದೋ ಆಸೆ ಇದ್ದರೆ ಓದಿನ ಪಾಲು ಮೊದಲೇ ಎಫ್‌ಡಿ ಮಾಡಿಬಿಡು.

ಗೊರೂರು ಡ್ಯಾಂ

ಎಂಬಿಎ ಎಂಬಿಎ ಅಂತೀರಲ್ಲ, ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಯಾವ ಬಿಸಿನೆಸ್ ಸ್ಕೂಲಿಗೆ ಹೋಗಿದ್ರು? ಸೇನೆ ಬಿಟ್ಟು ಜಾವಗಲ್ ಹತ್ತಿರ ಬಂಜರು ನೆಲದಲ್ಲಿ ರೇಷ್ಮೆ ಬೆಳೆದರು. 2003ರಲ್ಲಿ ಏರ್ ಡೆಕ್ಕನ್ ಹಾರಿಸಿದರು.

ಸಾಲಗಾಮೆ ರೋಡ್

ಈ ಉದಾಹರಣೆ ಬರುತ್ತೆ ಅಂತ ಕಾಯ್ತಾ ಇದ್ದೆ. ಹಾಸನದಲ್ಲಿ ಯಾವುದೇ ಮಾಜಿ ಸೈನಿಕರ ಮಾತುಕತೆ ಇಲ್ಲಿಗೇ ಬಂದು ನಿಲ್ಲುತ್ತೆ. ಹೇಮಾವತಿ ಅಣೆಕಟ್ಟಿನಲ್ಲಿ ಮನೆತನದ ಜಮೀನು ಮುಳುಗಿ, ಬದಲಿಗೆ ಸಿಕ್ಕ ನೆಲದಲ್ಲಿ ಕೃಷಿಗೆ ಇಳಿದವರು ಅವರು. ಸೈನಿಕ ಶಾಲೆ, ಎನ್‌ಡಿಎ, 1971ರ ಯುದ್ಧ ಎಲ್ಲ ಆಗಿತ್ತು. ಬಿಟ್ಟಾಗ ಇನ್ನೂ 30 ಆಗಿರಲಿಲ್ಲ. ದೊಡ್ಡ ಮನುಷ್ಯರು, ಗೌರವ ಇದೆ. ಹಾಗಂತ ಅವರು ಓದಲಿಲ್ಲ, ನೀವೂ ಓದಬೇಡಿ ಅನ್ನೋದು ವಾದ ಆಗಲ್ಲ.

ನಾನು ಹಾಸನದಲ್ಲಿ ಎಂಬಿಎ ಪಾಠ ಮಾಡ್ತೀನಿ. ನಮ್ಮ ಕಡೆಯ ಕಾಲೇಜುಗಳಿಗೆ ದಾರಿ ಪಿಜಿಸಿಇಟಿ, ರಾಜ್ಯದ ಪರೀಕ್ಷಾ ಪ್ರಾಧಿಕಾರ ಕೆಇಎ ನಡೆಸುವ ಪ್ರವೇಶ ಪರೀಕ್ಷೆ. ಐಐಎಂ ಮಾತ್ರ ಎಂಬಿಎ ಅಂದ್ಕೋಬೇಡಿ, ಹಾಗೇ ಎಲ್ಲ ಎಂಬಿಎಯೂ ಒಂದೇ ಅಂತಲೂ ಅಂದ್ಕೋಬೇಡಿ. ತರಗತಿಯಲ್ಲಿ ಒಬ್ಬ ಮಾಜಿ ಸೈನಿಕ ಇದ್ದರೆ ಪಾಠದ ರೀತಿಯೇ ಬದಲಾಗುತ್ತೆ. ದಾಸ್ತಾನು ನಿರ್ವಹಣೆ ಪಾಠ ಮಾಡುವಾಗ ಹುಡುಗರು ಫಾರ್ಮುಲಾ ಬರ್ಕೊಳ್ತಾರೆ. ದಾಸ್ತಾನು ಖಾಲಿಯಾದರೆ ಏನಾಗುತ್ತೆ ಅಂತ ಕಣ್ಣಾರೆ ಕಂಡವರು ಕೇಳುವ ಪ್ರಶ್ನೆ ಬೇರೆ.

ಅಮೆರಿಕದ ವಿಷಯ ಕೇಳಿದ್ರಿ. ಜಿಐ ಬಿಲ್ 1944ರಲ್ಲಿ ಶುರುವಾಗಿದ್ದು, ಈಗ ಇರೋದು 2008ರ ಕಾನೂನು. ಅವರ ಸರ್ಕಾರ ಅವರ ಸೈನಿಕರಿಗೆ 36 ತಿಂಗಳವರೆಗೆ ಓದಿನ ಖರ್ಚು ಕೊಡುತ್ತೆ. ಖಾಸಗಿ ವಿವಿಗಳಲ್ಲಿ ಕೊರತೆ ಬೀಳುವ ಫೀಸಿಗೆ ಯೆಲ್ಲೋ ರಿಬ್ಬನ್ ಯೋಜನೆ. ಅಲ್ಲಿನ ದೊಡ್ಡ ಬಿಸಿನೆಸ್ ಸ್ಕೂಲುಗಳಲ್ಲಿ ಮಾಜಿ ಸೈನಿಕರ ಕ್ಲಬ್ಬುಗಳೇ ಇವೆ. ಅವರ ಸಲಹೆಗಳಲ್ಲಿ ಅರ್ಜಿಯ ಪ್ರಬಂಧ ಬರೆಯುವ ಭಾಗ ಓದಿ, ಉಪಯೋಗ ಇದೆ. ದುಡ್ಡಿನ ಭಾಗ ಓದಿ ಹೊಟ್ಟೆ ಉರಿಸ್ಕೋಬೇಡಿ.

ಕಾಫಿ ಹೂವು

ಮೂಡಿಗೆರೆಯಿಂದ. ನಮ್ಮದು ಸಣ್ಣ ತೋಟ. ಎಲ್ಲರೂ ಹೇಗೆ ಅಂತ ಹೇಳ್ತಿದ್ದೀರಿ, ಯಾಕೆ ಅಂತ ಯಾರೂ ಕೇಳಲಿಲ್ಲ. ಬಿಸಿಲೆಯವರೇ, ಎಂಬಿಎ ಆದ ಮೇಲೆ ಏನು ಮಾಡ್ತೀರಿ? ಬೆಂಗಳೂರಿನ ಕಂಪನಿ ಕೆಲಸನಾ, ಊರಿಗೆ ವಾಪಸ್ಸಾ?

ಬಿಸಿಲೆ ಘಾಟ್

ಊರಿಗೇ ಮೇಡಂ. ನಮ್ಮ ಸುತ್ತ ಎಲ್ಲ ಎರಡು ಎಕರೆ, ಮೂರು ಎಕರೆಯವರು. ಕಾಫಿ ಕುಯ್ದು, ಅಂಗಳದಲ್ಲಿ ಒಣಗಿಸಿ, ಚೀಲ ತುಂಬಿ, ದುಡ್ಡು ಬೇಕಾದ ದಿನ ಮನೆ ಬಾಗಿಲಿಗೆ ಬಂದ ವ್ಯಾಪಾರಿಗೆ ಕೊಡ್ತಾರೆ. ತೂಕ ಅವನದ್ದು, ತೇವಾಂಶ ಎಷ್ಟು ಅಂತ ಹೇಳೋನೂ ಅವನೇ. ಒಳ್ಳೆ ಗೋದಾಮು ಇದ್ದು, ಎಲ್ಲರ ಮಾಲು ಒಟ್ಟಿಗೆ ಗ್ರೇಡ್ ಮಾಡಿ ಇಟ್ಟರೆ ಬೆಲೆ ಬಂದಾಗ ಮಾರಬಹುದು. ಗೋದಾಮು ನಡೆಸೋದು ನನಗೆ ಗೊತ್ತು. ಕಂಪನಿ ಕಟ್ಟೋದು, ಲೆಕ್ಕ, ಸಾಲ, ಮಾರಾಟ ಗೊತ್ತಿಲ್ಲ.

ಕಾಫಿ ಹೂವು

ಇದನ್ನ ಮೊದಲನೇ ಪೋಸ್ಟಿನಲ್ಲೇ ಹೇಳಬೇಕಿತ್ತು ನೀವು! ಬೆಂಗಳೂರಿನ ಜ್ಞಾನಭಾರತಿಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಪ್ಲಾಂಟೇಶನ್ ಮ್ಯಾನೇಜ್‌ಮೆಂಟ್ ಇದೆ. ಕೇಂದ್ರ ವಾಣಿಜ್ಯ ಸಚಿವಾಲಯದ ಕೆಳಗೆ ಬರುತ್ತೆ, 1993ರಿಂದ ಇದೆ. ಕೃಷಿ ವ್ಯಾಪಾರ, ತೋಟದ ಬೆಳೆಗಳ ನಿರ್ವಹಣೆ ಮೇಲೆ ಎರಡು ವರ್ಷದ ಪಿಜಿ ಡಿಪ್ಲೊಮಾ. ಕ್ಯಾಟ್ ಸ್ಕೋರ್ ನಡೆಯುತ್ತೆ. ಕಾಫಿ, ಟೀ, ರಬ್ಬರ್, ಏಲಕ್ಕಿ ಬಗ್ಗೆ ಮಾತಾಡುವ ಬಿಸಿನೆಸ್ ಸ್ಕೂಲು ಮನೆಯಿಂದ ಅರ್ಧ ದಿನದ ದಾರಿಯಲ್ಲಿದೆ. ಎಲ್ಲರೂ ಅಹಮದಾಬಾದ್ ಅಂತ ಕೂತಿದ್ದೀರಿ.

ಅರಸೀಕೆರೆ ತೆಂಗು

ಹೀಗಿದ್ರೆ ವಿಷಯ ಬೇರೆ. ಬ್ಯಾಂಕ್ ಕ್ಲರ್ಕ್ ಅಂದಿದ್ದು ವಾಪಸ್ ತಗೊಂಡೆ. ಆದರೆ ರೈತರೆಲ್ಲ ಸೇರಿ ರೈತ ಉತ್ಪಾದಕ ಕಂಪನಿ ಕಟ್ಟೋಕೆ ಎಂಬಿಎ ಬೇಕೇ ಬೇಕು ಅಂತ ಈಗಲೂ ಒಪ್ಪಲ್ಲ. ಒಬ್ಬ ಒಳ್ಳೆ ಅಕೌಂಟೆಂಟ್ ಸಾಕು.

ಸಾಲಗಾಮೆ ರೋಡ್

ಅಕೌಂಟೆಂಟ್ ಆಗಿಹೋದ ವರ್ಷದ ಲೆಕ್ಕ ಬರೀತಾನೆ. ಬರುವ ವರ್ಷ ಚೀಲಕ್ಕೆ ಎಷ್ಟು ಸಾಲ ಎತ್ತಬೇಕು, ಎಷ್ಟು ದಿನ ಮಾಲು ಹಿಡಿದಿಟ್ಟರೆ ಬಡ್ಡಿ ಲಾಭವನ್ನು ತಿಂದುಹಾಕುತ್ತೆ ಅಂತ ಮಾಲೀಕನಿಗೆ ಗೊತ್ತಿರಬೇಕು. ಮಾಲು ಹಿಡಿದವರೆಲ್ಲ ಗೆದ್ದಿಲ್ಲ ಅನ್ನೋದು ಕಾಫಿ ನಾಡಿನವರಿಗೆ ನಾನು ಹೇಳಬೇಕಾ?

ಬಿಸಿಲೆ ಘಾಟ್

ಅರ್ಜಿಗೆ ಅಂತ ಒಂದು ಡ್ರಾಫ್ಟ್ ಬರೆದಿದ್ದೆ, ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಹಾಕ್ತಿದ್ದೀನಿ, ನೋಡಿ:

"ನಾನು ಭಾರತೀಯ ಸೇನೆಯಲ್ಲಿ 17 ವರ್ಷ ಶಿಸ್ತು, ನಿಷ್ಠೆ ಮತ್ತು ಸಮರ್ಪಣೆಯಿಂದ ಸೇವೆ ಸಲ್ಲಿಸಿದ್ದೇನೆ. ದುರ್ಗಮ ಪ್ರದೇಶಗಳಲ್ಲಿ ಸಪ್ಲೈ ವಿಭಾಗದ ಜವಾಬ್ದಾರಿಯನ್ನು ಯಶಸ್ವಿಯಾಗಿ ನಿಭಾಯಿಸಿ ಹಿರಿಯ ಅಧಿಕಾರಿಗಳ ಮೆಚ್ಚುಗೆಗೆ ಪಾತ್ರನಾಗಿದ್ದೇನೆ. ನಾಯಕತ್ವ ಗುಣ ನನ್ನ ರಕ್ತದಲ್ಲಿದೆ."

ಆಲಿವ್ ಗ್ರೀನ್

ಇದು ಎಸಿಆರ್ ಭಾಷೆ, ಅಂದ್ರೆ ಮೇಲಧಿಕಾರಿಗಳು ವರ್ಷವರ್ಷ ನಮ್ಮ ಬಗ್ಗೆ ಬರೆಯುವ ಗೋಪ್ಯ ವರದಿಯ ಭಾಷೆ. ನಾವೆಲ್ಲ ಹೀಗೇ ಬರೀತೀವಿ, ಯಾಕಂದ್ರೆ ನಮ್ಮ ಬಗ್ಗೆ ಇಷ್ಟು ವರ್ಷ ಹೀಗೇ ಬರೆದಿದ್ದಾರೆ. ಓದುವವರು ಈ ಮೂರು ವಾಕ್ಯಕ್ಕೆ ಯಾವ ಸೈನಿಕನ ಹೆಸರು ಹಾಕಿದರೂ ನಡೆಯುತ್ತೆ. ನಿಮ್ಮ ಬಗ್ಗೆ ಇದರಲ್ಲಿ ಏನೂ ಇಲ್ಲ.

ಹವಾಲ್ದಾರ್ ಅಂದರೆ ಯಾರು ಅಂತ ಅಲ್ಲಿ ಕೂತವರಲ್ಲಿ ಅರ್ಧ ಜನಕ್ಕೆ ಗೊತ್ತಿರಲ್ಲ. ಮೇಜರ್ ಅಂದ್ರೂ ಸಿನಿಮಾದಲ್ಲಿ ನೋಡಿದ್ದಷ್ಟೇ. ಎಷ್ಟು ಜನ ನಿಮ್ಮ ಕೈಕೆಳಗೆ ಇದ್ದರು, ಎಷ್ಟು ಮಾಲು ನಿಮ್ಮ ಸಹಿ ಮೇಲೆ ಇತ್ತು, ನೀವೇ ತೀರ್ಮಾನ ಮಾಡಿದ್ದು ಏನು, ಅದರಿಂದ ಏನು ಬದಲಾಯ್ತು. ಇಷ್ಟೇ ಬೇಕು.

ಇಂಗ್ಲಿಷ್ ಬಿಡಿ. ಪ್ರಬಂಧ ಅನ್ನೋದನ್ನೂ ಮರೀರಿ. ಲಡಾಖ್ ಕಡೆ ಇದ್ರಿ ಅಂತ ಮೆಸೇಜಿನಲ್ಲಿ ಹೇಳಿದ್ರಿ. ಅಲ್ಲಿ ಚಳಿಗಾಲಕ್ಕೆ ಮುಂಚೆ ಏನು ಮಾಡ್ತಿದ್ರಿ, ನಿಮ್ಮ ಅಪ್ಪನಿಗೆ ಹೇಳುವ ಹಾಗೆ ಇಲ್ಲಿ ಹೇಳಿ. ಜಾಗದ ಹೆಸರು, ಪೋಸ್ಟ್‌ಗಳ (ಸೇನೆಯ ಗಡಿ ಠಾಣೆಗಳ) ಹೆಸರು, ಎಷ್ಟು ಪಡೆ ಇತ್ತು ಅನ್ನೋದು ಬೇಡ. ಪೆನ್ಷನ್ ಬಂದ ಮೇಲೂ ಅಧಿಕೃತ ರಹಸ್ಯ ಕಾಯ್ದೆ ನಮಗೆ ಅನ್ವಯಿಸುತ್ತೆ. ಅರ್ಜಿಯಲ್ಲೂ ಬೇಡ, ಸಂದರ್ಶನದಲ್ಲೂ ಬೇಡ.

ಬಿಸಿಲೆ ಘಾಟ್

ಸರಿ ಸರ್, ಪ್ರಯತ್ನ ಮಾಡ್ತೀನಿ.

ಹಿಮ ಬಿದ್ದರೆ ಕಾಶ್ಮೀರ ಕಡೆಯ ಜೋಜಿ ಲಾ ಘಾಟಿ ಮುಚ್ಚುತ್ತೆ. ಮನಾಲಿ ಕಡೆಯ ದಾರಿಯೂ ಮುಚ್ಚುತ್ತೆ. ಹಾಗಾಗಿ ಬೇಸಿಗೆಯಲ್ಲೇ ಚಳಿಗಾಲದ ಪೂರ್ತಿ ಮಾಲು ಮೇಲೆ ಬರಬೇಕು. ಅಕ್ಕಿ, ಹಿಟ್ಟು, ಬೇಳೆ, ತುಪ್ಪ, ಹಾಲಿನ ಪುಡಿ, ಟಿನ್‌ನಲ್ಲಿ ತರಕಾರಿ, ಸೀಮೆಎಣ್ಣೆ. ಅಡ್ವಾನ್ಸ್ ವಿಂಟರ್ ಸ್ಟಾಕಿಂಗ್ ಅಂತಾರೆ. ಕಾನ್ವಾಯ್ ಬಂದ ಹಾಗೆ ಇಳಿಸ್ತಾ ಹೋಗೋದು. ಮೊದಲು ಬಂದದ್ದು ಒಳಗೆ, ಆಮೇಲೆ ಬಂದದ್ದು ಹೊರಗೆ. ಮೇಲಿಂದ ಮೇಲೆ ಚೀಲ.

ಕಷ್ಟ ಶುರುವಾಗೋದು ಜನವರಿಯಲ್ಲಿ. ಮೇಲಿನ ಪೋಸ್ಟಿಗೆ ಮಾಲು ಕಳಿಸಬೇಕು. ಹವಾ ಚೆನ್ನಾಗಿರೋದು ಬೆಳಗಿನ ಸ್ವಲ್ಪ ಹೊತ್ತು. ಬೇಕಾದ ಐದು ಸಾಮಾನು ಐದು ಮೂಲೆಯಲ್ಲಿ ಇರುತ್ತೆ. ತುಪ್ಪದ ಡಬ್ಬ ತೆಗೆಯೋಕೆ ಮುಂದೆ ಇರುವ ಹಿಟ್ಟಿನ ಚೀಲ ಎಲ್ಲ ಸರಿಸಬೇಕು. ಕೈಗವಸು ತೆಗೆದು ಜೆರಿಕ್ಯಾನ್ ಮುಟ್ಟಿದರೆ ಚರ್ಮ ಅಂಟುತ್ತೆ. ಎಲ್ಲ ಒಟ್ಟುಗೂಡಿಸುವಷ್ಟರಲ್ಲಿ ಹವಾ ಕೆಟ್ಟಿರುತ್ತೆ, ಅವತ್ತಿನ ದಿನ ಹೋಯ್ತು.

ನಾನು ಸುಬೇದಾರ್ ಸಾಬ್ ಹತ್ತಿರ ಹೇಳಿದೆ, ಮುಂದಿನ ಬೇಸಿಗೆ ಸಾಮಾನಿನ ಪ್ರಕಾರ ಜೋಡಿಸೋದು ಬೇಡ, ಪೋಸ್ಟಿನ ಪ್ರಕಾರ ಜೋಡಿಸೋಣ ಅಂತ. ಒಂದೊಂದು ಪೋಸ್ಟಿಗೂ ಒಂದೊಂದು ಸಾಲು, ಒಳಗೆ ಅದಕ್ಕೆ ಬೇಕಾದದ್ದೆಲ್ಲ. ನಡುವೆ ಒಬ್ಬ ನಡೆಯುವಷ್ಟು ಜಾಗ. ಅವರು ಒಪ್ಪಲಿಲ್ಲ. ಲೆಕ್ಕ ಪರಿಶೀಲನೆಗೆ ಬೋರ್ಡ್ ಬಂದರೆ ಸಾಮಾನಿನ ಪ್ರಕಾರ ಎಣಿಸ್ತಾರೆ, ಯಾರು ಜವಾಬ್ದಾರಿ ಅಂದ್ರು. ಅವರ ಮಾತೂ ಸರಿ. ಅದಕ್ಕೆ ನಾನು ಎರಡು ರಿಜಿಸ್ಟರ್ ಇಟ್ಟೆ. ಒಂದು ಸಾಮಾನಿನ ಪ್ರಕಾರ, ಒಂದು ಸಾಲಿನ ಪ್ರಕಾರ. ದಿನಾ ಸಂಜೆ ಎರಡೂ ತಾಳೆ ಆಗಬೇಕು. ಡಬ್ಬಗಳ ಮೇಲಿನ ತಾರೀಖು ನೋಡಿ, ಬೇಗ ಕೆಡುವಂಥದ್ದನ್ನು ಸಾಲಿನ ಮುಂದಕ್ಕೆ ತಂದೆ. ಮೊದಲು ಎರಡು ಪೋಸ್ಟಿಗೆ ಮಾತ್ರ ಮಾಡಿ ತೋರಿಸಿದೆ. ಆ ಚಳಿಗಾಲ ಆ ಎರಡು ಪೋಸ್ಟಿನ ಲೋಡು ಬೆಳಗಿನ ಚಹಾ ಆಗುವಷ್ಟರಲ್ಲಿ ರೆಡಿ ಇರ್ತಿತ್ತು. ಅದರ ಮುಂದಿನ ವರ್ಷ ಸುಬೇದಾರ್ ಸಾಬ್ ಅವರೇ ಎಲ್ಲ ಪೋಸ್ಟಿಗೂ ಹಾಗೆ ಮಾಡಿಸಿದರು.

ಇಷ್ಟೇ ಸರ್. ಇದರಲ್ಲಿ ಬರೆಯುವಂಥದ್ದು ಏನಿದೆ?

ಸಾಲಗಾಮೆ ರೋಡ್

ಏನಿದೆಯಾ! ನಾನು ಇದನ್ನು ಸೋಮವಾರ ಕ್ಲಾಸಿನಲ್ಲಿ ಓದ್ತೀನಿ, ಅಪ್ಪಣೆ ಕೊಟ್ಟರೆ.

ಆಲಿವ್ ಗ್ರೀನ್

ಇದೇ ನಿಮ್ಮ ಪ್ರಬಂಧ. ರಕ್ತದಲ್ಲಿ ನಾಯಕತ್ವ ಅಂದ್ರೆ ಯಾರೂ ನಂಬಲ್ಲ, ಎರಡು ರಿಜಿಸ್ಟರ್ ಅಂದ್ರೆ ನಂಬ್ತಾರೆ. ಮೇಲಿನವರು ಬೇಡ ಅಂದಾಗ ಜಗಳ ಆಡಲಿಲ್ಲ, ಸುಮ್ನೆ ಕೂರಲೂ ಇಲ್ಲ. ಅವರ ಭಯ ಏನು ಅಂತ ತಿಳ್ಕೊಂಡು ಅದಕ್ಕೆ ಉತ್ತರ ಕಟ್ಟಿದ್ರಿ. ಸಣ್ಣದಾಗಿ ಮಾಡಿ ತೋರಿಸಿದ್ರಿ. ಸೇನೆ ಅಂದ್ರೆ ಹೇಳಿದ್ದಷ್ಟೇ ಮಾಡುವ ಜನ ಅಂತ ಬಿಸಿನೆಸ್ ಸ್ಕೂಲಿನವರಲ್ಲಿ ಒಂದು ಅನುಮಾನ ಇರುತ್ತೆ. ಈ ಒಂದು ಘಟನೆ ಅದನ್ನ ಕಳೆಯುತ್ತೆ. ಆಮೇಲೆ ನೇರವಾಗಿ ಕಾಫಿ ಗೋದಾಮಿಗೆ ಬನ್ನಿ. ಅಲ್ಲೂ ಅದೇ ಸಮಸ್ಯೆ ಅಲ್ವಾ, ಯಾರ ಚೀಲ ಎಲ್ಲಿದೆ, ಯಾವುದು ಮೊದಲು ಹೊರಗೆ ಹೋಗಬೇಕು ಅನ್ನೋದು?

ಇಂಗ್ಲಿಷಿಗೆ ತರುವಾಗ ಇಷ್ಟೇ ಸಣ್ಣ ವಾಕ್ಯ ಇರಲಿ. ಯಾರಾದರೂ ಕೋಚಿಂಗ್‌ನವರು ತಿದ್ದಿ ಕೊಡ್ತೀವಿ ಅಂದ್ರೆ ಹುಷಾರು. ನನಗೆ ತಿದ್ದಿ ಕೊಟ್ಟಿದ್ದರಲ್ಲಿ ನಾನೇ ಇರಲಿಲ್ಲ, ಮೂರು ಕಡೆ "ಡೈನಾಮಿಕ್" ಇತ್ತು.

ಶಿಫಾರಸು ಪತ್ರದ ಬಗ್ಗೆಯೂ ಹೇಳಿಬಿಡ್ತೀನಿ. ಕೇಳುವ ಕಡೆ ನಿಮ್ಮ ಹಳೇ ಸಿಒ, ಅಂದ್ರೆ ಇಡೀ ಯೂನಿಟ್‌ನ ಮುಖ್ಯಸ್ಥರ ಹತ್ತಿರ ಹೋಗೋದಕ್ಕಿಂತ, ನಿಮ್ಮ ಕೆಲಸವನ್ನು ದಿನಾ ನೋಡಿದ ಕಂಪನಿ ಕಮಾಂಡರ್ ಮೇಲು. ದೊಡ್ಡ ರ‍್ಯಾಂಕಿನ ಸಹಿ ಇದ್ದು ಒಳಗೆ "ವಿಧೇಯ, ಪರಿಶ್ರಮಿ" ಅಂತ ಎರಡೇ ಸಾಲು ಇದ್ದರೆ ಏನು ಉಪಯೋಗ? ಈ ರಿಜಿಸ್ಟರ್ ಕಥೆಯನ್ನು ಅವರಿಗೆ ನೆನಪಿಸಿ ಕೇಳಿ. ಸೇನೆಯಲ್ಲಿರುವವರು ಪೋಸ್ಟಿಂಗ್ ಮೇಲೆ ಹೋಗ್ತಾ ಇರ್ತಾರೆ, ನೆಟ್‌ವರ್ಕ್ ಇಲ್ಲದ ಕಡೆ ಇರಬಹುದು. ಕೊನೆ ದಿನಕ್ಕೆ ಬಹಳ ಮುಂಚೆ ಹಿಡಿಯಬೇಕು.

ಕಾಫಿ ಹೂವು

ಪರೀಕ್ಷೆ ಯಾವುದು ಬರೀಬೇಕು ಅಂತ ಯಾರಾದ್ರೂ ಹೇಳಿ. ನನ್ನ ತಮ್ಮನೂ ಕೇಳ್ತಿದ್ದಾನೆ, ನೌಕಾಪಡೆಯಲ್ಲಿದ್ದಾನೆ.

ಸಾಲಗಾಮೆ ರೋಡ್

ಕ್ಯಾಟ್ ವರ್ಷಕ್ಕೆ ಒಂದೇ ಸಲ, ನವೆಂಬರ್ ಕೊನೆಯ ಭಾನುವಾರ. ಅರ್ಜಿ ಸಾಮಾನ್ಯವಾಗಿ ಆಗಸ್ಟ್, ಸೆಪ್ಟೆಂಬರ್‌ನಲ್ಲಿ. 2 ಗಂಟೆ, ಮೂರು ಭಾಗ, ತಲಾ 40 ನಿಮಿಷ. ಆಯ್ಕೆ ಉತ್ತರದ ಪ್ರಶ್ನೆ ತಪ್ಪಾದರೆ ಒಂದು ಅಂಕ ಹೋಗುತ್ತೆ. ಅಂತರರಾಷ್ಟ್ರೀಯ ಪರೀಕ್ಷೆ ಜಿಮ್ಯಾಟನ್ನು ವರ್ಷವಿಡೀ ಬರೆಯಬಹುದು, ಸ್ಕೋರ್ 5 ವರ್ಷ ನಡೆಯುತ್ತೆ, ಆದ್ರೆ ಫೀಸು ಡಾಲರ್ ಲೆಕ್ಕದಲ್ಲಿ. 2023ರ ನವೆಂಬರ್‌ನಲ್ಲಿ ಬಂದ ಹೊಸ ರೂಪದಲ್ಲಿ 2 ಗಂಟೆ 15 ನಿಮಿಷ, ರೇಖಾಗಣಿತ ಇಲ್ಲ, ಇಂಗ್ಲಿಷ್ ವಾಕ್ಯ ತಿದ್ದುವ ಪ್ರಶ್ನೆಗಳೂ ಇಲ್ಲ. ಸೇವೆಯಲ್ಲಿರುವವರಿಗೆ ರಜೆ ಯಾವಾಗ ಸಿಗುತ್ತೋ ಗೊತ್ತಿರಲ್ಲ, ಹಾಗಾಗಿ ತಮ್ಮನಿಗೆ ಜಿಮ್ಯಾಟ್ ಅನುಕೂಲ. ಬಿಸಿಲೆಯವರಿಗೆ ಕ್ಯಾಟ್ ಮತ್ತು ಪಿಜಿಸಿಇಟಿ ಸಾಕು ಅನ್ನಿಸುತ್ತೆ.

ಆಲಿವ್ ಗ್ರೀನ್

ತಮ್ಮ ಇನ್ನೂ ಸೇವೆಯಲ್ಲಿದ್ದರೆ ಅರ್ಜಿ ಹಾಕುವ ಮುಂಚೆ ಇಲಾಖೆಯ ಅನುಮತಿ ತಗೊಳ್ಳಲಿ. ಸೀಟು ಸಿಕ್ಕ ಮೇಲೆ ರಿಲೀಸ್ ಕೇಳೋದಲ್ಲ. ಇನ್ನೊಂದು, ಸೇವೆಯ ಕೊನೆಯ ಎರಡು ವರ್ಷದಲ್ಲಿರುವವರಿಗೆ ಪುನರ್ವಸತಿ ಮಹಾನಿರ್ದೇಶನಾಲಯ, ನಾವು ಡಿಜಿಆರ್ ಅನ್ನೋದು, ಐಐಎಂಗಳಲ್ಲೇ ಸುಮಾರು ಆರು ತಿಂಗಳ ಮ್ಯಾನೇಜ್‌ಮೆಂಟ್ ಕೋರ್ಸ್ ನಡೆಸುತ್ತೆ. ಅಧಿಕಾರಿಗಳಿಗೆ ಫೀಸಿನ ಶೇ 60 ಡಿಜಿಆರ್ ಕೊಡುತ್ತೆ, ಶೇ 40 ನಮ್ಮದು. ಜೆಸಿಒ (ಸುಬೇದಾರ್ ಮಟ್ಟದವರು) ಮತ್ತು ಅವರ ಕೆಳಗಿನ ರ‍್ಯಾಂಕಿನವರ ಕೋರ್ಸುಗಳಿಗೆ ಪೂರ್ತಿ ಅವರೇ ಕೊಡ್ತಾರೆ, ಅದರಲ್ಲಿ ಲಾಜಿಸ್ಟಿಕ್ಸ್ ಕೂಡ ಇರುತ್ತೆ. ಆದರೆ ಅದು ಸರ್ಟಿಫಿಕೇಟ್, ಎಂಬಿಎ ಅಲ್ಲ. ಕೆಲವರು ರೆಸ್ಯೂಮೆಯಲ್ಲಿ ಐಐಎಂ ಎಂಬಿಎ ಅಂತಲೇ ಹಾಕ್ತಾರೆ. ಸಂದರ್ಶನದಲ್ಲಿ ಮೊದಲ ಪ್ರಶ್ನೆಗೇ ಸಿಕ್ಕಿಬೀಳ್ತಾರೆ.

ಅರಸೀಕೆರೆ ತೆಂಗು

ದುಡ್ಡಿನ ವಿಷಯ ನಾನು ಹೇಳ್ತೀನಿ, ದಿನಾ ಅದೇ ಕೆಲಸ. ಐಎಸ್‌ಬಿ, ಅಹಮದಾಬಾದ್ ಒಂದು ವರ್ಷದ ಕೋರ್ಸು 30 ಲಕ್ಷ ದಾಟುತ್ತೆ. ಬಿಸಿಲೆಯವರೇ, ಅದಕ್ಕೆ ಕೈ ಹಾಕಬೇಡಿ. ಊರಿಗೆ ವಾಪಸ್ ಬಂದು ಮೊದಲ ಮೂರು ವರ್ಷ ಸಂಬಳ ಇಲ್ಲದೆ ಕಂಪನಿ ಕಟ್ಟೋರು ತಿಂಗಳ ಕಂತು ಎಲ್ಲಿಂದ ತರ್ತೀರಿ? ಪಿಎಂ ವಿದ್ಯಾಲಕ್ಷ್ಮಿ ಅಂತ 2024ರಲ್ಲಿ ಬಂದಿದೆ. ಅವರ ಪಟ್ಟಿಯಲ್ಲಿರುವ ಒಳ್ಳೆ ಸಂಸ್ಥೆಗೆ ಸೇರಿದರೆ ಅಡಮಾನ ಇಲ್ಲದೆ ಸಾಲ. ಮನೆಯ ವಾರ್ಷಿಕ ಆದಾಯ 8 ಲಕ್ಷದ ಒಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3 ಬಡ್ಡಿ ರಿಯಾಯಿತಿ. ಸೇರೋ ಸಂಸ್ಥೆ ಪಟ್ಟಿಯಲ್ಲಿ ಇದೆಯಾ ಅಂತ ಮೊದಲು ನೋಡಿ. ಕಟ್ಟುವ ಬಡ್ಡಿಗೆ ಹಳೇ ತೆರಿಗೆ ಪದ್ಧತಿಯಲ್ಲಿ ವಿನಾಯಿತಿ ಸಿಗುತ್ತೆ. ಕೆಲಸ ಬಿಡೋಕೆ ಮನಸ್ಸಿಲ್ಲ ಅಂದ್ರೆ ಇಗ್ನೋ ಎಂಬಿಎ ಇದೆ, ಪೂರ್ತಿ ಕೋರ್ಸು ಲಕ್ಷದೊಳಗೆ ಮುಗಿಯುತ್ತೆ.

ಬಿಸಿಲೆ ಘಾಟ್

ಇಗ್ನೋ ಬಗ್ಗೆ ನನ್ನ ಹೆಂಡತಿಯೂ ಹೇಳಿದಳು. ಆದರೆ ಬಿಎಯನ್ನೂ ಒಬ್ಬನೇ ಕೂತು ಓದಿದ್ದು. ಈ ಸಲ ನಾಲ್ಕು ಜನರ ಜೊತೆ ತರಗತಿಯಲ್ಲಿ ಕೂರಬೇಕು ಅಂತ ಆಸೆ. ಸಂದರ್ಶನದಲ್ಲಿ ಏನು ಕೇಳ್ತಾರೆ?

ಆಲಿವ್ ಗ್ರೀನ್

ನನಗೆ ಕೇಳಿದ್ದು: ಸೇನೆ ಯಾಕೆ ಬಿಟ್ರಿ? ನಿಮಗಿಂತ ಚಿಕ್ಕವನು ಬಾಸ್ ಆದ್ರೆ ಸಹಿಸ್ತೀರಾ? ಆದೇಶ ಕೊಡೋಕೆ ಆಗದ ಕಡೆ ಜನರಿಂದ ಕೆಲಸ ಹೇಗೆ ತೆಗೀತೀರಿ? ಮೂರನೆಯದು ನಿಮಗೆ ಖಂಡಿತ ಬರುತ್ತೆ. ಎರಡು ಎಕರೆ ರೈತ ನಿಮ್ಮ ಕೈಕೆಳಗಿನ ಸಿಪಾಯಿ ಅಲ್ಲ. ಅಟೆನ್ಷನ್ ಅಂದ್ರೆ ನಿಲ್ಲಲ್ಲ, ಎದ್ದು ಹೋಗ್ತಾನೆ. ಯುದ್ಧದ ಕಥೆ ಕೇಳೋಕೂ ಕೆಲವರಿಗೆ ಆಸೆ ಇರುತ್ತೆ. ಒಂದು ವಾಕ್ಯದಲ್ಲಿ ಮುಗಿಸಿ ಕೆಲಸದ ಮಾತಿಗೆ ಬನ್ನಿ. ಜೊತೆಯವರು ಯಾರಾದರೂ ತೀರಿಹೋದ ವಿಷಯವನ್ನು ಸೀಟಿಗೋಸ್ಕರ ಹೇಳಬೇಡಿ. ಇದು ನಿಯಮ ಏನಲ್ಲ, ನನ್ನ ಅಭಿಪ್ರಾಯ.

"ಸರ್" ಅನ್ನೋದು ಮಾತ್ರ ಬಿಡೋಕಾಗಲ್ಲ ನಮಗೆ. ಪ್ಯಾನೆಲ್‌ನಲ್ಲಿದ್ದ ಮೇಡಂಗೂ ಸರ್ ಅಂದಿದ್ದೆ. ಅವರು ನಕ್ಕರು.

ಅಗ್ನಿವೀರ ಕಡೂರು

😄 ಇಲ್ಲಿ ನಾನೂ ಎಲ್ಲರಿಗೂ ಸರ್ ಅಂತಲೇ ಬರ್ದಿದ್ದೀನಿ.

ಬಿಸಿಲೆ ಘಾಟ್

ಎಲ್ಲರ ಮಾತು ಕೇಳಿ ಹೀಗೆ ಅಂದ್ಕೊಂಡಿದ್ದೀನಿ. ಈ ವರ್ಷ ಕ್ಯಾಟ್. ಮೊದಲ ಆಯ್ಕೆ ಪ್ಲಾಂಟೇಶನ್ ಸಂಸ್ಥೆ. ಜೊತೆಗೆ ಪಿಜಿಸಿಇಟಿ ಬರೆದು ಹಾಸನ, ಮೈಸೂರು ಕಾಲೇಜು ನೋಡ್ತೀನಿ. ಒಂದು ವರ್ಷದ ದುಬಾರಿ ಕೋರ್ಸು ಬಿಟ್ಟೆ. ಬಿಎ ಮಾನ್ಯತೆ ನೋಡಿದೆ, ನಾನು ಸೇರಿದ ವರ್ಷದ ಪಟ್ಟಿಯಲ್ಲಿ ಕೋರ್ಸ್ ಇದೆ.

ಇನ್ನೊಂದು ತೊಡಕು. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ನನ್ನ ಇನಿಷಿಯಲ್ ಹೆಸರಿನ ಹಿಂದೆ ಇದೆ. ಸೇನೆಯ ಡಿಸ್ಚಾರ್ಜ್ ಬುಕ್‌ನಲ್ಲಿ ಅದನ್ನೇ ಬಿಡಿಸಿ ಅಪ್ಪನ ಹೆಸರು, ಊರಿನ ಹೆಸರು ಎಲ್ಲ ಬರೆದಿದ್ದಾರೆ. ಬಿಎ ಕಾರ್ಡಿನಲ್ಲಿ ಇನಿಷಿಯಲ್ಲೇ ಇಲ್ಲ. ಮೂರು ಜನ ಆಗಿದ್ದೀನಿ. ಯಾವ ಹೆಸರು ಹಾಕಲಿ?

ಸಾಲಗಾಮೆ ರೋಡ್

ಎಲ್ಲ ಕಡೆ ಎಸ್ಸೆಸ್ಸೆಲ್ಸಿಯಲ್ಲಿ ಇರುವ ಹಾಗೇ ಹಾಕಿ. ಆಧಾರ್ ಕಾರ್ಡಿನಲ್ಲೂ ಅದೇ ಇರಲಿ, ಪರೀಕ್ಷೆಯ ದಿನ ಗುರುತಿನ ಚೀಟಿ ನೋಡ್ತಾರೆ. ಮೂವರೂ ಒಬ್ಬನೇ ಅಂತ ನೋಟರಿ ಹತ್ತಿರ ಒಂದು ಅಫಿಡವಿಟ್ ಮಾಡಿಸಿ ಇಟ್ಕೊಳ್ಳಿ, ಪ್ರವೇಶದ ಸಮಯಕ್ಕೆ ಬೇಕಾಗುತ್ತೆ. ಬಿಎ ಕಾರ್ಡ್ ತಿದ್ದುಪಡಿಗೆ ವಿವಿಗೆ ಈಗಲೇ ಅರ್ಜಿ ಕೊಡಿ, ಅದು ತಿಂಗಳುಗಟ್ಟಲೆ ಹಿಡಿಯುತ್ತೆ.

ಅರಸೀಕೆರೆ ತೆಂಗು

ಡಿಸ್ಚಾರ್ಜ್ ಬುಕ್ಕಿನ ಹೆಸರು ಮುಟ್ಟೋಕೆ ಹೋಗಬೇಡಿ, ಪೆನ್ಷನ್ ಅದೇ ಹೆಸರಲ್ಲಿ ಬರ್ತಿರೋದು. ಏನೇ ಮಾಡೋದಿದ್ರೂ ಮೊದಲು ಹಾಸನದ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿ, ರೆಕಾರ್ಡ್ ಆಫೀಸಿಗೆ ಪತ್ರ ಹೇಗೆ ಬರೀಬೇಕು ಅಂತ ಅವರು ಹೇಳ್ತಾರೆ. ಮತ್ತೆ ಗೋದಾಮು ಶುರುವಾದ ಮೇಲೆ ಸಾಲದ ಫೈಲು ನನ್ನ ಬ್ರಾಂಚಿಗೇ ತನ್ನಿ. ಅಡಮಾನ ಇಲ್ಲದೆ ಕೊಡಲ್ಲ, ಈಗಲೇ ಹೇಳಿದ್ದೀನಿ.